ಕಂತು ಕಂತಾಗಿ ಕುಂದಾಪುರಕ್ಕೆ

ಮುಂಬಯಿಯಿಂದ ಕುಂದಾಪುರಕ್ಕೆ ಸೈಕಲ್ಲಿನಲ್ಲಿ ಹೋಗಲು ನನಗೆ ಮೂರು ವರ್ಷ ಮೂರು ತಿಂಗಳು ಹಿಡಿಯಿತು ಎಂದರೆ ನಮ್ಮ ಕ್ಲಾಸಿನ ಹುಡುಗರು ನಗುತ್ತಾರೆ. "ನಡ್ಕೊಂಡು ಹೋಗಿದ್ರೂ ಬೇಗ ಮುಟ್ತಿದ್ಯಲ್ಲೋ" ಅಂತಾರೆ. ನಿಜವೇ. ಆದರೆ ನಾನು ಹೋದದ್ದು ಕಂತಿನಲ್ಲಿ. ಫ್ರಿಜ್ಜು, ಟೀವಿಗಳನ್ನೆಲ್ಲ ಕಂತಿನಲ್ಲಿ ಕೊಳ್ಳುವ ನಮ್ಮಂಥವರು ದಾರಿಯನ್ನೂ ಕಂತಿನಲ್ಲಿ ಕೊಂಡರೆ ತಪ್ಪೇನು? ಅದನ್ನು ಹೇಗೆ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ನಾಲ್ಕು ಜನಕ್ಕೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ನನ್ನದು ಕಾಮರ್ಸು. ಸಾಹಿತ್ಯದ ಸೊಗಸನ್ನು ದಯವಿಟ್ಟು ಹುಡುಕಬೇಡಿ.

ಈ ಊರಿನಿಂದ ಸೈಕಲ್ ಹತ್ತಿ ದೂರ ಹೋದವರಲ್ಲಿ ನಾನು ಮೊದಲಿಗನೇನಲ್ಲ. 1923ರ ಅಕ್ಟೋಬರಿನಲ್ಲಿ ಆರು ಮಂದಿ ಪಾರ್ಸಿ ತರುಣರು ಜಗತ್ತು ಸುತ್ತಲೆಂದು ಮುಂಬಯಿ ಬಿಟ್ಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ತುಳಿದು 1928ರಲ್ಲಿ ಹಿಂದಿರುಗಿದರು. ಅವರಿಗೆ ಐದು ವರ್ಷ ಬಿಡುವಿತ್ತು. ನಮಗೆ ಇರುವುದು ದೀಪಾವಳಿ ರಜೆ, ಅದರಲ್ಲೂ ಮನೆಯವರು ಬಿಟ್ಟುಕೊಡುವ ನಾಲ್ಕಾರು ದಿನ.

ನಮ್ಮಪ್ಪ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಎಷ್ಟೋ ಸಲ ಊರಿಗೆ ಹೋಗಿಬಂದಿದ್ದಾರೆ, ಆದರೆ ಮೊದಲು ರಾತ್ರಿ ಬಸ್ಸಿನಲ್ಲಿ, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ರೈಲಿನಲ್ಲಿ. ಇಡೀ ದಾರಿ ಅವರಿಗೆ ನಿದ್ದೆಯಲ್ಲೇ ಕಳೆದುಹೋಗಿದೆ. ನಾನು ಪ್ರತಿ ಕಂತು ಮುಗಿಸಿ ಬಂದಾಗಲೂ ಗಲ್ಲಾದ ಪಕ್ಕ ನಿಲ್ಲಿಸಿಕೊಂಡು "ಮುಂದೆ ಎಂತ ಬಂತ್?" ಎಂದು ಒಂದೊಂದಾಗಿ ಕೇಳುತ್ತಿದ್ದರು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಊರಿಗೆ ಹೋಗಲು ಎರಡು ದಾರಿಗಳಿವೆ. ಪನ್ವೇಲಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 66 (ಹಿರಿಯರು ಈಗಲೂ ಹದಿನೇಳು ಎನ್ನುತ್ತಾರೆ) ಒಂದು. ಸಮುದ್ರದ ಅಂಚಿನ ಸಣ್ಣ ರಸ್ತೆ ಇನ್ನೊಂದು. ಲಾರಿಗಳ ಭಯಕ್ಕೆ ನಾನು ಎರಡನೆಯದನ್ನು ಆರಿಸಿದೆ. ಭಾವುಚಾ ಧಕ್ಕಾದಲ್ಲಿ ಸೈಕಲ್ ಸಮೇತ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಮಾಂಡ್ವಾ. ಅಲ್ಲಿಂದ ಅಲಿಬಾಗ್, ಮುರುಡ್, ಶ್ರೀವರ್ಧನ್, ಹೀಗೆ ದಕ್ಷಿಣಕ್ಕೆ.

ಸಮುದ್ರತೀರವೆಂದರೆ ಸಪಾಟು ಎಂದು ನಾನು ತಿಳಿದಿದ್ದೆ. ಮಹಾ ಮೂರ್ಖತನ. ಸಹ್ಯಾದ್ರಿಯಲ್ಲಿ ಹುಟ್ಟಿದ ನದಿಗಳು ಸ್ವಲ್ಪವೇ ದೂರ ಹರಿದು ಸಮುದ್ರ ಸೇರುತ್ತವೆ. ನಡುವೆ ಇರುವುದು ಕೆಂಪು ಮುರಕಲ್ಲಿನ ಎತ್ತರದ ಬಯಲು. ಅದನ್ನು ಕೊಯ್ದುಕೊಂಡೇ ನದಿ ಇಳಿಯಬೇಕು. ಹೀಗಾಗಿ ಪ್ರತಿ ಅಳಿವೆಗೂ ರಸ್ತೆ ಕೆಳಗಿಳಿದು ನೀರು ಮುಟ್ಟಿ, ಆಚೆ ದಡದಲ್ಲಿ ಮತ್ತೆ ಬಯಲಿಗೆ ಹತ್ತುತ್ತದೆ. ಆಗರದಾಂಡಾದಿಂದ ದಿಘಿಗೆ, ಬಾಗಮಂಡಲಾದಿಂದ ವೇಶ್ವಿಗೆ, ದಾಭೋಳದಿಂದ ಧೋಪಾವೆಗೆ, ತವಸಾಳದಿಂದ ಜಯಗಡಕ್ಕೆ, ಎಲ್ಲ ಕಡೆಯೂ ದೋಣಿ. ದೋಣಿಯಲ್ಲಿ ಕಾಲು ಚಾಚಿ ಕೂತವನಿಗೆ ಎದುರಿನ ಏರು ಕಾಣುತ್ತಾ ಇರುತ್ತದೆ. ದಿನಕ್ಕೆ ನೂರು ಕಿಲೋಮೀಟರ್ ಎಂದು ಕಾಗದದಲ್ಲಿ ಬರೆದುಕೊಂಡು ಹೋದವನು ಎರಡನೇ ದಿನವೇ ಅದನ್ನು ಅರವತ್ತಕ್ಕಿಳಿಸಿದೆ. ನೀವು ಮೊದಲೇ ಅರವತ್ತು ಎಂದು ಬರೆದುಕೊಳ್ಳಿ.

ಇನ್ನು ಕಂತಿನ ಲೆಕ್ಕಕ್ಕೆ ಬರೋಣ. ಕಂತು ಮುಗಿಸುವ ಊರನ್ನು ಚೆಂದ ನೋಡಿ ಆರಿಸಬಾರದು, ಹಿಂದಿರುಗಲು ಗಾಡಿ ನೋಡಿ ಆರಿಸಬೇಕು. 2022ರ ದೀಪಾವಳಿಯ ಮೊದಲ ಕಂತು ದಾಪೋಲಿಯಲ್ಲಿ ನಿಂತಿತು, ಏಕೆಂದರೆ ಅಲ್ಲಿ ರಾತ್ರಿ ಬಸ್ಸು ಸಿಗುತ್ತದೆ. ಮುಂದಿನ ಚಕ್ರ ಬಿಚ್ಚಿ ಡಿಕ್ಕಿಗೆ ತುರುಕಿದೆ. ಮುಂಬಯಿಯಲ್ಲಿ ಇಳಿಸಿ ನೋಡಿದರೆ ಪೆಡಲ್ ಬಾಗಿತ್ತು. ಅಂದಿನಿಂದ ಪೆಡಲನ್ನೂ ಬಿಚ್ಚುತ್ತೇನೆ. (ಎಡಗಡೆಯ ಪೆಡಲಿನ ತಿರುಪು ಉಲ್ಟಾ ತಿರುಗುತ್ತದೆ ಎಂದು ತಿಳಿಯಲು ನನಗೆ ಅರ್ಧ ದಿನ ಬೇಕಾಯಿತು.) 2023ರ ಎರಡನೇ ಕಂತು ರತ್ನಾಗಿರಿಯಲ್ಲಿ, 2024ರ ಮೂರನೆಯದು ಕಾರವಾರದಲ್ಲಿ ಮುಗಿಯಿತು. ಎರಡೂ ಕಡೆ ರೈಲಿದೆ. ರೈಲಿನಲ್ಲಾದರೆ ಸೈಕಲ್ಲನ್ನು ಲಗೇಜೆಂದು ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಹಾಕಿಸಬೇಕು. ಹೆಸರು, ಊರು ಬರೆದ ರಟ್ಟು ಕಟ್ಟಿರಬೇಕು. ಗಾಡಿ ಎರಡೇ ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಇದು ಆಗದ ಮಾತು.

ಅದಕ್ಕಿಂತ ಮುಖ್ಯವಾದದ್ದು, ಬಿಟ್ಟ ಜಾಗದಿಂದಲೇ ಮತ್ತೆ ಹೊರಡಬೇಕು. ಆ ಊರಿನಿಂದ ಅಂದರೆ ಸಾಲದು, ಆ ಜಾಗದಿಂದಲೇ. ಅಕೌಂಟೆನ್ಸಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸು. ದಾಪೋಲಿಯಲ್ಲಿ ಬಸ್ ಸ್ಟ್ಯಾಂಡಿನ ಗೇಟಿನ ಎದುರು ಸೈಕಲ್ ಇಳಿದಿದ್ದೆ. ಮರುವರ್ಷ ಅದೇ ಗೇಟಿನ ಎದುರು ಹತ್ತಿದೆ. ದಾರಿಯೇನೋ ಹೀಗೆ ಮುಂದಕ್ಕೆ ಬರುತ್ತದೆ, ಕಾಲಿನ ಬಲ ಬರುವುದಿಲ್ಲ. ಅದರ ಮೇಲೆ ವರ್ಷವಿಡೀ ಸವಕಳಿ ಹಾಕುತ್ತಲೇ ಇರುತ್ತಾರೆ. ಪ್ರತಿ ಕಂತಿನ ಮೊದಲೆರಡು ದಿನ ನೀವು ಹೊಸಬರೇ. ಜೊತೆಗಾರರೂ ಮುಂದಕ್ಕೆ ಬರುವುದಿಲ್ಲ. ಮೊದಲ ಕಂತಿಗಿದ್ದ ಪಕ್ಕದ ಚಾಳಿನ ಗೆಳೆಯ ಎರಡನೆಯದಕ್ಕೆ ಕೆಲಸಕ್ಕೆ ಸೇರಿಬಿಟ್ಟಿದ್ದ.

ಮೂರನೇ ಕಂತು ಎಲ್ಲಕ್ಕಿಂತ ಉದ್ದ, ಏಳು ದಿನ. ರತ್ನಾಗಿರಿ ಬಿಟ್ಟು, ವಿಜಯದುರ್ಗ ದಾಟಿ ಪಡೇಲ್ ಎಂಬಲ್ಲಿಗೆ ಬಂದಾಗ ಹಿಂದಿನ ಗೇರಿನ ತೋಳು ಮುರಿದು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ಕಲ್ಲು ಹೇರಿದ ಟೆಂಪೋದವನೊಬ್ಬ ಕರುಣೆಯಿಂದ ದೇವಗಡದವರೆಗೆ ತಂದುಬಿಟ್ಟ. ಅಲ್ಲಿಯ ರಿಪೇರಿಯವರು ಗೇರನ್ನೇ ಕಿತ್ತು, ಚೈನು ಗಿಡ್ಡ ಮಾಡಿ, ಒಂದೇ ಹಲ್ಲಿನ ಮೇಲೆ ಓಡುವ ಹಾಗೆ ಮಾಡಿಕೊಟ್ಟರು. ಸಾಯಂಕಾಲ ನಾಲ್ಕೂ ಆಗಿರಲಿಲ್ಲ. ಪಡೇಲಿಗೆ ವಾಪಸು ಹೋಗಿ ಆ ಇಪ್ಪತ್ತು ಕಿಲೋಮೀಟರನ್ನು ತುಳಿದು ಬರಬಹುದಿತ್ತು. ಹೋಗಲಿಲ್ಲ. ಮರುದಿನ ಮಾಲ್ವಣದ ಕಡೆ ಹೊರಟುಬಿಟ್ಟೆ.

ಆಮೇಲಿನದು ಸುಗಮ. ವೆಂಗುರ್ಲಾ, ತೆರೆಖೋಲಿನ ದೋಣಿ, ಗೋವಾ. ಕರ್ಮಲ್ ಘಾಟಿಯಲ್ಲಿ ಗೇರಿಲ್ಲದ್ದಕ್ಕೆ ಸೈಕಲ್ ತಳ್ಳಿದ್ದೇ ಹೆಚ್ಚು. ಗಡಿ ದಾಟಿ ಮಾಜಾಳಿಗೆ ಬಂದಾಗ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಹೋದೆ. ಮುಂಬಯಿಯ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಗಳು ನನಗೆ ಪುಸ್ತಕದೊಳಗಿನ ವಸ್ತುವಾಗಿದ್ದವು. ಇಲ್ಲಿ ಪಂಕ್ಚರ್ ಅಂಗಡಿಯ ಮೇಲೂ ಅವೇ. ಕಾಳಿ ನದಿಯ ಹಳೇ ಸೇತುವೆ ಆ ವರ್ಷವೇ, 2024ರ ಆಗಸ್ಟ್ 7ರಂದು ಕುಸಿದಿತ್ತು. ಪಕ್ಕದ ಹೊಸ ಸೇತುವೆಯ ಮೇಲೆ ಹೋಗುವಾಗ ಆ ಕಡೆ ನೋಡದೇ ಹೋಗೋಣವೆಂದುಕೊಂಡೆ, ಕಣ್ಣು ಕೇಳಲಿಲ್ಲ.

2025ರ ಕೊನೆಯ ಕಂತಿಗೆ ಮೂರು ದಿನ. ಇಲ್ಲಿ ಹೆದ್ದಾರಿಯೇ ಗತಿ. ಏರು ಕಡಿಮೆ, ಲಾರಿ ಜಾಸ್ತಿ. ಬೆಳಗಿನ ಆರರಿಂದ ಹತ್ತರೊಳಗೆ ಆದಷ್ಟು ಮುಗಿಸುವುದು ಒಳ್ಳೆಯದು. ಅಂಕೋಲದ ಮುಂದೆ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಜರಿದು ಜನ ಸತ್ತ ಜಾಗದಲ್ಲಿ, ಗಂಗಾವಳಿ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಹೊನ್ನಾವರ, ಭಟ್ಕಳ, ಬೈಂದೂರು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಕುಂದಾಪುರ ಮುಟ್ಟಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಅಷ್ಟೂ ಸೈಕಲಲ್ಲೇ ಬಂದ್ಯಾ?"

"ಹೌದು" ಅಂದೆ.

ಈ ಒಂದು ಶಬ್ದ ನನ್ನನ್ನು ಬಿಡಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಕೂಡಿಬರದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗುತ್ತೇವೆ. ತಪ್ಪು ಸಿಕ್ಕಿದ ಮೇಲೆ ಆ ಖಾತೆಯನ್ನು ಮುಚ್ಚಲೇಬೇಕು. ನನಗೆ ತಪ್ಪು ಎಲ್ಲಿದೆಯೆಂದು ಒಂದು ವರ್ಷದಿಂದ ಗೊತ್ತಿತ್ತು. ಹೋಟೆಲಿಗೆ ಬರುವ ಗಿರಾಕಿಗಳಿಗೆಲ್ಲ ಅಪ್ಪ "ನಮ್ ಹುಡ್ಗ ಇಲ್ಲಿಂದ ಊರಿಗೆ ಸೈಕಲಲ್ಲೇ ಹೋದ" ಎಂದು ಹೇಳುವುದನ್ನು ಎರಡು ಸಲ ನಾನೇ ಕೇಳಿಸಿಕೊಂಡೆ.

ಈ ಜನವರಿಯಲ್ಲಿ, 2026ರಲ್ಲಿ, ಎರಡು ರಾತ್ರಿಯ ಬಸ್ ಚಾರ್ಜು ಕೊಟ್ಟು ಸೈಕಲ್ಲಿನೊಂದಿಗೆ ದೇವಗಡಕ್ಕೆ ಹೋದೆ. ಇಪ್ಪತ್ತು ಕಿಲೋಮೀಟರಿಗೆ ಇಷ್ಟು ಖರ್ಚೇ ಎಂದು ಅಮ್ಮ ಬೈದಳು, ಕಾರಣ ಹೇಳಲಿಲ್ಲ. ದೇವಗಡದಿಂದ ಪಡೇಲಿಗೆ ತುಳಿದೆ, ಅದು ಲೆಕ್ಕಕ್ಕಿಲ್ಲ, ದಿಕ್ಕು ಉಲ್ಟಾ. ಪಡೇಲಿನಲ್ಲಿ ಚಹಾ ಕುಡಿದು ಗಾಡಿ ತಿರುಗಿಸಿದೆ. ಹನ್ನೊಂದೂವರೆಗೆ ಮತ್ತೆ ದೇವಗಡ. ರಾತ್ರಿ ಬಸ್ಸಿನವರೆಗೆ ಮಾಡಲು ಕೆಲಸವಿರಲಿಲ್ಲ.

ಮಾರನೇ ದಿನ ಗಲ್ಲಾದ ಪಕ್ಕ ನಿಂತು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೇ ಕೇಳಿಸಿಕೊಂಡರು. ಬೈಯಲಿಲ್ಲ. ಎಣಿಸಿ ಮುಗಿಸಿ, ಡ್ರಾಯರು ಮುಚ್ಚಿ, "ಅಲ್ಲ್ ಎಂತ ಇತ್ತ್?" ಎಂದರು.

ಮುರಕಲ್ಲಿನ ಗೋಡೆ ಹಾಕಿದ ಮಾವಿನ ತೋಟಗಳು, ಆಗಷ್ಟೇ ಹೂ ಬಿಟ್ಟದ್ದು. ಗೇರು ಮರ. ಒಂದು ಉದ್ದನೆಯ ಏರು.

"ಏರಲ್ಲ್ ಇಳ್ದ್ಯಾ?"

"ಒಂದು ಸಲ ಇಳಿದೆ" ಎಂದೆ.