ತೋಟದ ಮದ್ದು, ತಕ್ಕಡಿಯ ಲೆಕ್ಕ

ಅಡಿಕೆ ತೋಟವುಳ್ಳ ಮಲೆನಾಡಿನ ಸದ್ಭಕ್ತರ ಮನೆಗಳಿಗೆ ಮುಂಗಾರಿಗೆ ಮೊದಲೇ ಮೈಲುತುತ್ತವೂ ಸುಣ್ಣವೂ ಬಂದು ಸೇರುತ್ತವೆ. ಫ್ರಾನ್ಸಿನ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ದ್ರಾವಣವನ್ನು, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ಇಷ್ಟು ಹಳೆಯ ಮದ್ದನ್ನು ಇಂದಿಗೂ ಬೊಗಸೆಯ ಲೆಕ್ಕದಲ್ಲಿ ಕಲಸುವವರಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು ಬೇಕು. ಹಿತ್ತಲಿನ ನಾಲ್ಕಾರು ಗಿಡಗಳಿಗಾದರೆ 50 ಗ್ರಾಂ, 50 ಗ್ರಾಂ ಹಾಗೂ 5 ಲೀಟರ್ ಸಾಕು. ನೀರನ್ನು ಎರಡು ಸಮಪಾಲು ಮಾಡಿ, ಒಂದರಲ್ಲಿ ಮೈಲುತುತ್ತವನ್ನು ಕರಗಿಸಬೇಕು; ಇನ್ನೊಂದರಲ್ಲಿ ಸುಣ್ಣವನ್ನು ಅರಳಿಸಿ, ತಣಿದ ಬಳಿಕ ಬಟ್ಟೆಯಲ್ಲಿ ಸೋಸಬೇಕು. ಅನಂತರ ಮೈಲುತುತ್ತದ ನೀರನ್ನು ಸುಣ್ಣದ ತಿಳಿಹಾಲಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಇದರ ವಿಪರ್ಯಾಸ ಸಲ್ಲದು. ಕಬ್ಬಿಣದ ಪಾತ್ರೆ ಕೂಡದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಲೇಸು. ಪೂಜೆಯ ತಾಮ್ರದ ಕೊಡವನ್ನಂತೂ ಇದಕ್ಕೆ ಮುಟ್ಟಲೇಬಾರದೆಂದು ಹೇಳಬೇಕಾಗಿಲ್ಲವಷ್ಟೆ!

ದ್ರಾವಣ ಸಿದ್ಧವಾದೊಡನೆ ಉಜ್ಜಿ ಹೊಳಪಿಸಿದ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರವಿನ್ನೂ ಸುಣ್ಣದೊಡನೆ ಪೂರ್ತಿ ಕೂಡಿಲ್ಲವೆಂದರ್ಥ. ಅಂತಹ ದ್ರಾವಣವು ಎಳೆಯ ಎಲೆ, ಹಿಂಗಾರಗಳನ್ನು ಸುಡುತ್ತದೆ. ಕೆಂಪು ಕಾಣದವರೆಗೆ ಸುಣ್ಣದ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಗಾಳಿಗೆ ಬಿದ್ದು ಹಳೆಯದಾದ ಸುಣ್ಣಕ್ಕೆ ಕಸುವಿಲ್ಲ. ಬಹುಪಾಲು ಕೇಡು ಅಲ್ಲಿಯೇ.

ರೋಗ ತಗಲಿದ ಮೇಲೆ ಮದ್ದನ್ನು ಇಮ್ಮಡಿ ಮಾಡುವುದು ವ್ಯರ್ಥ. ಇದು ಕೊಳೆತ ಕಾಯನ್ನು ಗುಣಪಡಿಸುವುದಿಲ್ಲ, ಆರೋಗ್ಯವಂತ ಕಾಯಿಗೆ ಕವಚವಾಗಿ ನಿಲ್ಲುತ್ತದೆ. ಆದ್ದರಿಂದಲೇ ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳಿಗೆ ಮತ್ತೊಮ್ಮೆ, ಮಳೆ ಬಿಡುವು ಕೊಟ್ಟಾಗ, ಗೊನೆಗಳು ಪೂರ್ತಿ ತೊಯ್ಯುವಂತೆ ಸಿಂಪಡಿಸಬೇಕು.

ತಾಯಂದಿರು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದೆಲೆಯ ಬಳ್ಳಿಯ ಮೇಲೂ ಈ ನೀರು ಬೀಳುತ್ತದೆ. ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳುವುದೇ ಇದರ ಗುಣವಾದ್ದರಿಂದ ಒಂದು ಚೆಂಬು ನೀರಿಗೆ ಅದು ಬಿಡುವುದಿಲ್ಲ. ತಾಂಬೂಲದ ಎಲೆಯನ್ನೂ ಇಷ್ಟಲಿಂಗಕ್ಕೆ ಏರಿಸುವ ಪತ್ರೆ-ಪುಷ್ಪಗಳನ್ನೂ ಸಿಂಪಡಣೆಯ ಹಿಂದಿನ ದಿನವೇ ಬಿಡಿಸಿಟ್ಟುಕೊಳ್ಳಬೇಕು. ಬಳಿಕ ಹೊಸ ಚಿಗುರು ಬಲಿಯುವವರೆಗೆ ಮದ್ದು ಬೀಳದ ಗಿಡಬಳ್ಳಿಗಳಿಂದ ತರಬೇಕು.

ಕಲಸಿದ ದ್ರಾವಣವನ್ನು ಅಂದೇ ಮುಗಿಸಬೇಕು, ಮರುದಿನಕ್ಕೆ ಅದು ಸತ್ವಹೀನ. ಪಂಪು ತೊಳೆದ ನೀರನ್ನು ಕೆರೆ-ಹಳ್ಳಗಳಿಗೆ ಬಿಡಬಾರದು. ತಾಮ್ರವು ಮೀನುಗಳಿಗೆ ವಿಷ.