ತೊಂಬತ್ತೆರಡು ಎಂದರೆ ಎಷ್ಟು?

2024ರ ಫೆಬ್ರುವರಿಯ ಒಂದು ಸಂಜೆ ನಮ್ಮ ಬೀದಿಯ ಗೆಳೆಯರೊಬ್ಬರು ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದರು. ಅವರ ಮಗ ಬರೆದಿದ್ದ ಜೆಇಇ ಮೇನ್ ಮೊದಲ ಹಂತದ ಫಲಿತಾಂಶ ಪ್ರಕಟವಾಗಿತ್ತು. 'ಮೇಷ್ಟ್ರೇ, ತೊಂಬತ್ತೆರಡು ಬಂದಿದೆ. ಇನ್ನು ಸಿಇಟಿಯ ಗೊಡವೆ ಏಕೆ? ಸುರತ್ಕಲ್‌ಗೇ ಸೇರಿಸಿಬಿಡೋಣ ಅಂತಿದ್ದೇನೆ' ಎಂದರು. ಮೂರು ದಶಕ ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸಿದ ನನಗೆ ಆ ಪೇಡೆ ಸುಲಭವಾಗಿ ಗಂಟಲಿಗಿಳಿಯಲಿಲ್ಲ.

ಅವರು ಓದಿಕೊಂಡದ್ದು ನೂರಕ್ಕೆ ತೊಂಬತ್ತೆರಡು ಅಂಕ ಎಂದು. ಹಾಳೆಯಲ್ಲಿದ್ದದ್ದು ಪರ್ಸೆಂಟೈಲ್. ಹುಡುಗನಿಗೆ ವಿಷಯ ಎಷ್ಟು ಗೊತ್ತು ಎಂಬುದನ್ನು ಅದು ಹೇಳುವುದಿಲ್ಲ. ಅವನ ಪಾಳಿಯಲ್ಲಿ ಬರೆದವರ ಪೈಕಿ ನೂರಕ್ಕೆ ಎಷ್ಟು ಮಂದಿ ಅವನಷ್ಟೇ ಅಥವಾ ಅವನಿಗಿಂತ ಕಡಿಮೆ ಅಂಕ ಪಡೆದರು ಎಂಬುದನ್ನಷ್ಟೇ ಹೇಳುತ್ತದೆ. ಪರೀಕ್ಷೆ ಹಲವು ಪಾಳಿಗಳಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳೊಡನೆ ನಡೆಯುತ್ತದೆ. ಒಬ್ಬನಿಗೆ ಸುಲಭದ ಪತ್ರಿಕೆ, ಇನ್ನೊಬ್ಬನಿಗೆ ಕಠಿಣವಾದದ್ದು ಬಂದೀತೆಂದು 2019ರಿಂದ ಈ ಕ್ರಮ ಜಾರಿಯಲ್ಲಿದೆ. ಪೈಪೋಟಿ ಎಷ್ಟು ಇಕ್ಕಟ್ಟಿನದೆಂದರೆ ದಶಮಾಂಶದ ಏಳನೆಯ ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ.

ಕಾಗದ ತೆಗೆದುಕೊಂಡು ಗೆಳೆಯರೆದುರೇ ಗುಣಿಸಿ ತೋರಿಸಿದೆ. ಆ ಹಂತದಲ್ಲಿ ಪರೀಕ್ಷೆ ಬರೆದವರು ಸುಮಾರು 11.7 ಲಕ್ಷ. ನೂರಕ್ಕೆ ಎಂಟು ಮಂದಿ ಮುಂದಿದ್ದಾರೆಂದರೆ ತೊಂಬತ್ತು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು ಅವನಿಗಿಂತ ಮೇಲಿದ್ದಾರೆ. ಸುರತ್ಕಲ್‌ನ ಕಂಪ್ಯೂಟರ್ ಸೀಟುಗಳು ಕೆಲವೇ ಸಾವಿರ ರ‍್ಯಾಂಕಿನೊಳಗೆ ಮುಗಿದುಹೋಗುತ್ತವೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಈ ಗೊಂದಲ ಅವರೊಬ್ಬರದಲ್ಲ. 2023ರ ನೀಟ್‌ನಲ್ಲಿ ಸಾಮಾನ್ಯ ವರ್ಗದ ಅರ್ಹತೆಗೆ ಬೇಕಿದ್ದ ಐವತ್ತನೆಯ ಪರ್ಸೆಂಟೈಲ್ ಎಂದರೆ 720ಕ್ಕೆ 137 ಅಂಕ. ಶೇಕಡಾ ಇಪ್ಪತ್ತೂ ಇಲ್ಲ. ಅದೇ ವರ್ಷ ವೈದ್ಯಕೀಯ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿದಾಗ ಕೇಂದ್ರ ಸರ್ಕಾರ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿತು. 'ಸೊನ್ನೆ ಅಂಕ ಪಡೆದವರೂ ವೈದ್ಯರೇ?' ಎಂದು ಜನ ಸಿಡಿದೆದ್ದರು. ನಿಜ ಇನ್ನೂ ವಿಚಿತ್ರ: ತಪ್ಪು ಉತ್ತರಕ್ಕೆ ಅಂಕ ಕಳೆಯುವ ಆ ಪರೀಕ್ಷೆಯಲ್ಲಿ ಸೊನ್ನೆಗಿಂತ ಕೆಳಗಿದ್ದವರೂ ಅರ್ಹರಾದರು.

ನಮ್ಮ ಸಿಇಟಿಯ ಲೆಕ್ಕ ಬೇರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಇನ್ನರ್ಧ. ನೋಡಲು ನ್ಯಾಯವಾಗಿದೆ. ಆದರೆ ಎರಡು ಅಳತೆಗೋಲುಗಳನ್ನು ಕೂಡಿಸುವಾಗ ಎರಡೂ ನೆಟ್ಟಗಿರಬೇಕು. ಕೋವಿಡ್‌ನಿಂದಾಗಿ 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿಯ ಆಧಾರದ ಮೇಲೆ ಉದಾರವಾಗಿ ಅಂಕ ಹಂಚಲಾಯಿತು. ಆ ತಂಡದ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಪರೀಕ್ಷಾ ಪ್ರಾಧಿಕಾರ ಅವರ ಪಿಯುಸಿ ಅಂಕಗಳನ್ನು ಪರಿಗಣಿಸಲಿಲ್ಲ. ಸಂಗತಿ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಪ್ರತಿ ವಿಷಯದಲ್ಲಿ ನೂರಕ್ಕೆ ಸರಾಸರಿ ಆರು ಅಂಕ ಕಳೆದು ಉಳಿದದ್ದನ್ನು ಪರಿಗಣಿಸುವ ರಾಜಿಸೂತ್ರ ಬಂತು. ಆ ಆರು ಅಂಕ ಕೆಲವರಿಗೆ ಹೆಚ್ಚಾಯಿತು, ಕೆಲವರಿಗೆ ಕಡಿಮೆಯಾಯಿತು. ನನ್ನ ಮಟ್ಟಿಗೆ ಅದು ಗಣಿತಕ್ಕಿಂತ ಪಂಚಾಯಿತಿಯ ತೀರ್ಮಾನಕ್ಕೆ ಹತ್ತಿರವಾದದ್ದು.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ: ಪಿಯುಸಿ ಪರೀಕ್ಷೆ ಮಾರ್ಚ್ ಒಂದರಿಂದ. ಅರ್ಧ ರ‍್ಯಾಂಕು ಅಲ್ಲಿದೆ, ಇನ್ನರ್ಧ ಏಪ್ರಿಲ್‌ನಲ್ಲಿದೆ. ಹುಡುಗನನ್ನು ಮತ್ತೆ ಓದಲು ಕೂರಿಸಿ. ಅವನು ಕುಳಿತ. ಏಪ್ರಿಲ್‌ನಲ್ಲಿ ಸಿಇಟಿಯನ್ನೂ ಬರೆದ. ಆ ಸಲದ ಪ್ರಶ್ನೆಪತ್ರಿಕೆಗಳಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ನುಸುಳಿ, ಪ್ರತಿಭಟನೆಯ ನಂತರ ಒಟ್ಟು ಐವತ್ತನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಗಣಿತದ ಅಂಥ ಮೂರು ಪ್ರಶ್ನೆಗಳೊಡನೆ ಹೆಣಗಿ ಕಾಲು ಗಂಟೆ ಕಳೆದೆನೆಂದು ಹುಡುಗ ನನ್ನಲ್ಲಿ ಹೇಳಿಕೊಂಡ. ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರು. ಆ ಕಾಲು ಗಂಟೆಯನ್ನು ಅವನಿಗೆ ಯಾರೂ ಹಿಂದಿರುಗಿಸಲಿಲ್ಲ.