ಜೋಳದ ಸಾಲೆಣಿಸಿದ ಹುಡುಗ

ಆಟಿಸಮ್ ಉಳ್ಳ ಮಕ್ಕಳ ತಂದೆತಾಯಿಗಳ ನಿದ್ದೆಗೆಡಿಸುವ ಪ್ರಶ್ನೆಯೊಂದುಂಟು: “ನಮ್ಮ ಕಾಲಾನಂತರ ಇವನ ಗತಿಯೇನು?” ಮಗು ಐದರ ಪ್ರಾಯದಲ್ಲಿರುವಾಗ ಶಾಲೆ, ಚಿಕಿತ್ಸೆ, ಮಾತಿನ ತರಬೇತಿ ಎಂದು ಓಡಾಡುವ ಮನೆಯವರು, ಅದೇ ಮಗು ಇಪ್ಪತ್ತನ್ನು ದಾಟಿದಾಗ ಕೈಚೆಲ್ಲಿ ಕೂರುವುದೇ ಹೆಚ್ಚು. ಈ ಪ್ರಶ್ನೆಗೆ ಒಂದು ಬಾಳು ಕೊಟ್ಟ ಉತ್ತರವನ್ನರಿಯಲು ಅಮೆರಿಕೆಯ ಮಿಸಿಸಿಪ್ಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನತ್ತ ನೋಡಬೇಕು.

ಡೊನಾಲ್ಡ್ ಟ್ರಿಪ್ಲೆಟ್ ಅಲ್ಲಿ ಹುಟ್ಟಿದ್ದು 1933ರಲ್ಲಿ. ತಾಯಿಯ ಮುಗುಳ್ನಗೆಗೂ ಓಗೊಡದೆ, ತಿರುಗುವ ವಸ್ತುಗಳಲ್ಲೇ ಮೈಮರೆಯುತ್ತಿದ್ದ ಈ ಕೂಸನ್ನು 1937ರಲ್ಲಿ ಊರಾಚೆಯ ಸಂಸ್ಥೆಯೊಂದರಲ್ಲಿ ಬಿಡಲಾಯಿತು. ಅಲ್ಲಿ ಆತ ಮತ್ತಷ್ಟು ಮಂಕಾದನು. ಮರುವರ್ಷ ಹೆತ್ತವರು ಹಟತೊಟ್ಟು ಮನೆಗೆ ಕರೆತಂದರು. ವಕೀಲರಾಗಿದ್ದ ತಂದೆ ಮಗನ ನಡೆನುಡಿಯನ್ನೆಲ್ಲ 33 ಪುಟಗಳ ಪತ್ರದಲ್ಲಿ ಬರೆದು ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳುಹಿಸಿದರು. 1943ರಲ್ಲಿ ಕ್ಯಾನರ್ ಪ್ರಕಟಿಸಿದ, ಹನ್ನೊಂದು ಮಕ್ಕಳ ವೃತ್ತಾಂತವುಳ್ಳ ಪ್ರಸಿದ್ಧ ಲೇಖನದಲ್ಲಿ ಮೊದಲನೆಯವನು ಈ ಡೊನಾಲ್ಡನೇ.

ಅಷ್ಟರಲ್ಲಿ, 1942ರಲ್ಲಿ, ಹುಡುಗನನ್ನು ಹತ್ತು ಮೈಲಿ ದೂರದ ಲೂಯಿಸ್ ಎಂಬ ರೈತ ದಂಪತಿಗಳಲ್ಲಿ ಇರಿಸಲಾಗಿತ್ತು. 1945ರಲ್ಲಿ ಹೊಲಕ್ಕೆ ಹೋಗಿ ನೋಡಿದ ಕ್ಯಾನರ್ ಬೆರಗಾದರು. ಹುಡುಗನಿಗೆ ಅಳತೆಯ ಗೀಳು. ರೈತನು ಅವನಿಂದ ಬಾವಿ ತೋಡಿಸಿ, ಅದರ ಆಳವೆಷ್ಟೆಂದು ವರದಿ ಒಪ್ಪಿಸಲು ಹೇಳಿದ್ದನು. ಮುಸುಕಿನ ಜೋಳದ ಸಾಲುಗಳನ್ನು ಸುಮ್ಮನೆ ಎಣಿಸುತ್ತಿದ್ದವನಿಗೆ, ಉಳುತ್ತ ಎಣಿಸೆಂದು ನೇಗಿಲು ಹಿಡಿಸಿದ್ದನು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಹಾಕುವ ಚಟಕ್ಕೂ ಒಂದು ಮೂಲೆಯ ನೆಲ ದೊರೆಯಿತು. ಹೂಳಬೇಕು, ಹೆಸರು ಬರೆದ ಫಲಕ ನಿಲ್ಲಿಸಬೇಕು. ಬಸವನಹುಳುವಿನ ಸಮಾಧಿಗೂ ಲೂಯಿಸ್ ಎಂಬ ಮನೆತನದ ಹೆಸರು! ಗೀಳನ್ನು ಗದರಿಸಿ ಬಿಡಿಸದೆ ಅದನ್ನೇ ಕೆಲಸಕ್ಕೆ ಹೂಡಿದ ಈ ದಂಪತಿಗಳ ಜಾಣ್ಮೆ ಎಷ್ಟೋ ಪಂಡಿತರಿಗೂ ಹೊಳೆದಿರಲಿಲ್ಲ.

ಮುಂದೆ ಊರಿನ ಹೈಸ್ಕೂಲು. ಬಳಿಕ ಮಿಲ್‌ಸ್ಯಾಪ್ಸ್ ಕಾಲೇಜಿನಲ್ಲಿ ಫ್ರೆಂಚ್ ಭಾಷೆ ಓದಿ 1958ರಲ್ಲಿ ಪದವಿ. ಶಾಲೆಯ ಗೋಡೆಯ ಇಟ್ಟಿಗೆಗಳನ್ನು ಒಂದೇ ನೋಟಕ್ಕೆ ಎಣಿಸಿದನೆಂಬ ದಂತಕಥೆ ಊರೆಲ್ಲ ಹಬ್ಬಿತ್ತು. ಜನ ತನ್ನನ್ನು ಮೆಚ್ಚಲೆಂದು ಬಾಯಿಗೆ ಬಂದ ಸಂಖ್ಯೆ ಹೇಳಿದ್ದಾಗಿ ಮುಪ್ಪಿನಲ್ಲಿ ಅವರೇ ಒಪ್ಪಿಕೊಂಡರು! ಅನ್ಯರ ಮನಸ್ಸಿನ ಪರಿವೆಯಿಲ್ಲದವರೆಂದು ಇಂಥವರನ್ನು ಕುರಿತು ಹೇಳುವವರು ಇದನ್ನು ಗಮನಿಸಬೇಕು.

ಫಾರೆಸ್ಟ್ ಊರಿನ ಬ್ಯಾಂಕಿನಲ್ಲಿ ಡೊನಾಲ್ಡ್ ದಶಕಗಟ್ಟಲೆ ದುಡಿದರು. ಇಪ್ಪತ್ತಮೂರರಲ್ಲಿ ಗಾಲ್ಫ್, ಇಪ್ಪತ್ತೇಳರಲ್ಲಿ ಕಾರು ಓಡಿಸುವುದನ್ನು ಕಲಿತರು. ಎಲ್ಲವೂ ಓರಗೆಯವರಿಗಿಂತ ತಡ, ಆದರೂ ಕಲಿತರು. ದೇಶವಿದೇಶ ಸುತ್ತಿದರು, ಆರು ರಾತ್ರಿಗಿಂತ ಹೆಚ್ಚು ಮನೆ ಬಿಟ್ಟಿರಲೊಲ್ಲರು.

ಬ್ಯಾಂಕು ತಾಯಿಯ ತವರು ಮನೆತನದ್ದೆಂಬುದನ್ನು ಇಲ್ಲಿ ಮರೆಮಾಡುವಂತಿಲ್ಲ. ಹಣವಿಲ್ಲದ ಮನೆಯಲ್ಲಿ ಹುಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಂದಿಯನ್ನು ಮತ್ತೆ ಅರಸಿದಾಗ, ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ಸೇರಿದವರು ಮಂಕಾಗಿ ಕುಳಿತಿದ್ದರು. ಅಲ್ಲಿಗೆ ಸೇರಿಸುವುದೆಂದರೆ ಜೀವಾವಧಿ ಶಿಕ್ಷೆಗೆ ಸಮಾನವೆಂದೇ ಅವರು ಬರೆದರು.

ನಮ್ಮ ದೇಶದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು, ಹದಿನೆಂಟು ದಾಟಿದ ಇಂಥವರಿಗೆ ಪೋಷಕರನ್ನು ನೇಮಿಸುವ ಅಧಿಕಾರವನ್ನು ಸ್ಥಳೀಯ ಸಮಿತಿಗಳಿಗೆ ಕೊಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಪೋಷಕನು ತಾನೊಬ್ಬನೇ ತೀರ್ಮಾನಿಸದೆ, ಆ ವ್ಯಕ್ತಿಯೊಡನೆ ಕೂಡಿಯೇ ತೀರ್ಮಾನಿಸಬೇಕು. ಆದರೆ ಬಸ್ಸು ಹತ್ತುವುದು, ಅನ್ನ ಬೇಯಿಸುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು, ಇವನ್ನು ಕಾಯಿದೆ ಕಲಿಸಲಾರದು. ಮನೆಯಲ್ಲಿ, ತಾಳ್ಮೆಯಿಂದ, ವರ್ಷಗಟ್ಟಲೆ ಕಲಿಸಬೇಕು.

ಡೊನಾಲ್ಡರ ತಂದೆ 1980ರಲ್ಲಿ, ತಾಯಿ 1985ರಲ್ಲಿ ತೀರಿಕೊಂಡರು. ಹೆತ್ತವರು ಹೆದರುವ ಆ ದಿನ ಬಂದೇ ಬಂದಿತು. ಖರ್ಚುವೆಚ್ಚಕ್ಕೆ ಮನೆತನದ ನಿಧಿ, ಆಗಾಗ್ಗೆ ವಿಚಾರಿಸಲು ತಮ್ಮ, ಬೆಳಗಿನ ಕಾಫಿಗೆ ಗೆಳೆಯರು ಇದ್ದರು. ಬಾಲ್ಯದ ಅದೇ ಮನೆಯಲ್ಲಿ ತಮ್ಮ ಪಾಡಿಗೆ ತಾವು ಬಾಳಿದರು. ಪರಿಚಯದವರಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ದಶಕಗಳ ಮೇಲೂ ಅದನ್ನು ನೆನಪಿಟ್ಟಿರುತ್ತಿದ್ದರು. ಊರವರೂ ತಮ್ಮ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರು ಕಣ್ಮುಚ್ಚಿದ್ದು 2023ರ ಜೂನ್ 15ರಂದು, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ತಾಯಿ ತೀರಿದ ಮೂವತ್ತೆಂಟು ವರ್ಷಗಳ ತರುವಾಯ.